ಅರಸಿನ ಎಲೆಯ ಹುಳ, ದೊಡ್ಡಮ್ಮನ ಡಬ್ಬಿ

ನಮ್ಮ ನೆಂಟರ ಬಳಗದಲ್ಲಿ ಓಡಾಡುವ ಕಥೆ ಹೀಗಿದೆ: ಅಮ್ಮನಿಗೂ ಅವಳ ಅಕ್ಕನಿಗೂ ಮಾತು ನಿಂತು ವರ್ಷಗಳಾದವು, ನಾಗರಪಂಚಮಿಗೆ ಅಮ್ಮ ಕಳಿಸುವ ಅರಸಿನ ಎಲೆಯ ಕಟ್ಟೊಂದೇ ಇಬ್ಬರ ನಡುವೆ ಉಳಿದಿತ್ತು, ಚಿಟ್ಟೆ ಸಾಕುವ ಮಗಳು, ಎಂದರೆ ನಾನು, ಅದಕ್ಕೂ ಹುಳ ಹಿಡಿಸಿದೆ. ಮೊನ್ನೆ ಕುಂದಾಪುರದ ಮದುವೆ ಹಾಲ್ ಒಂದರಲ್ಲಿ ಊಟಕ್ಕೆ ಕೂತಾಗ ಸೋದರತ್ತೆ ನನ್ನ ಬಾಳೆಎಲೆಯ ತುದಿ ಎತ್ತಿ ಕೆಳಗೆ ಇಣುಕಿದರು. “ಕಂಡ್ಕಂಡ್ ಉಣ್ ಹೆಣೆ, ನಿನ್ ಮಕ್ಳ್ ಅಡಿಗ್ ಇದ್ರೂ ಇದ್ವು” ಎಂದರು. ಪಂಕ್ತಿ ಇಡೀ ನಕ್ಕಿತು. ನಾನೂ ನಕ್ಕೆ. ನಕ್ಕದ್ದು ಒಪ್ಪಿಕೊಂಡು ಅಲ್ಲ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಬೆಳಿಗ್ಗೆ ಒಂದು ವಿಷಯದ ಪರ ಮಾತಾಡಿ, ಊಟವಾದ ಮೇಲೆ ಅದೇ ವಿಷಯಕ್ಕೆ ವಿರೋಧ ಮಾತಾಡಿ, ಎರಡಕ್ಕೂ ಚಪ್ಪಾಳೆ ತೆಗೆದುಕೊಂಡು ಮನೆಗೆ ಬಂದವಳು. ಈ ಕಥೆಯ ತೂತು ನನಗೆ ಕಾಣದೇ ಇರುತ್ತದೆಯೇ? ಎಲೆ ಕೊಯ್ದದ್ದು ಅಮ್ಮ. ಕಟ್ಟಿದ್ದು ಅಮ್ಮ. ಬಸ್ಸಿಗೆ ಕೊಟ್ಟದ್ದೂ ಅಮ್ಮ. ಅದಿರಲಿ, ಸಂಬಂಧ ಕೆಟ್ಟಿತು ಎಂದು ತೀರ್ಪು ಕೊಟ್ಟವರು ಯಾರು? ಕೆಟ್ಟಿದೆಯೋ, ಕೂಡುವುದರಲ್ಲಿದೆಯೋ ಎಂಬುದೇ ನನಗೆ ಇನ್ನೂ ತಿಳಿದಿಲ್ಲ. ಗೊತ್ತಿಲ್ಲ ಎಂದು ಬರೆಯುವ ಅಭ್ಯಾಸ ನನಗೆ ಕಡಿಮೆ. ಆದರೂ ಬರೆಯುತ್ತಿದ್ದೇನೆ.

ಸಾಲಿಗ್ರಾಮದ ಹತ್ತಿರ ನಮ್ಮ ಮನೆ. ಚಿಟ್ಟೆಗಳಿಗೆಂದು ಗಿಡ ನೆಡಲು ಶುರುಮಾಡಿದಾಗ ಎಲ್ಲರೂ ತಂದುಕೊಟ್ಟದ್ದು ಹೂವಿನ ಗಿಡ. ಹೂವಿಗೆ ಚಿಟ್ಟೆ ಬರುತ್ತದೆ, ಕುಡಿಯುತ್ತದೆ, ಹೋಗುತ್ತದೆ. ಹೋಟೆಲಿಗೆ ಬಂದವರನ್ನು ಮನೆಯವರೆಂದು ಲೆಕ್ಕ ಹಾಕಲಿಕ್ಕಾಗುತ್ತದೆಯೇ? ಮೊಟ್ಟೆ ಇಡಬೇಕಾದರೆ ಅದರ ಮರಿಹುಳ ತಿನ್ನುವ ಎಲೆಯೇ ಬೇಕು, ಬೇರೆಯದು ನಡೆಯದು. ಹಾಗಾಗಿ ನಾನು ನೆಟ್ಟದ್ದೆಲ್ಲ ತಿನ್ನಿಸಲಿಕ್ಕೆ: ಬೇಲಿಗೆ ಈಶ್ವರಬಳ್ಳಿ, ಗೇಟಿನ ಬದಿ ಎಕ್ಕ, ಬಾವಿಯ ಹತ್ತಿರ ಲಿಂಬೆ. ಕರಿಬೇವು ಮೊದಲೇ ಇತ್ತು. ಅದರ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳಗಳನ್ನು ಅಮ್ಮ ನೀರು ಎರಚಿ ತೊಳೆಯಲು ಹೊರಟಾಗ ನಮ್ಮಿಬ್ಬರ ಮೊದಲ ಜಗಳ.

“ನಾ ಇನ್ ಒಗ್ಗರಣಿ ಹಾಕುಕೆ ನಿನ್ ಹುಳದ ಹತ್ರ ಕೇಣ್ಕಾ?”

“ಅರ್ಧ ನಿಂಗೆ, ಅರ್ಧ ಅದ್ಕೆ.”

“ಅರ್ಧ ಅಂದ್ರೆ ಎಷ್ಟ್ ಅಂತ ಅದ್ಕೆ ಹೇಳಿದ್ಯಾ?”

ಆ ಜಗಳ ನಾನು ಗೆದ್ದೆ. ಆದರೆ ಬಚ್ಚಲ ನೀರು ಹರಿದುಹೋಗುವಲ್ಲಿ ಅಮ್ಮ ನೆಟ್ಟುಕೊಂಡಿದ್ದ ಅರಸಿನದ ಸಾಲುಗಳ ವಿಷಯದಲ್ಲಿ ಅವಳು ವಾದಕ್ಕೇ ನಿಲ್ಲುತ್ತಿರಲಿಲ್ಲ. ಆ ಎಲೆ ಪಂಚಮಿಯ ಕಡುಬಿಗೆ. ಅಗಲವಾದ ಎಲೆಯ ಮೇಲೆ ಅಕ್ಕಿಹಿಟ್ಟು ಹಚ್ಚಿ, ಬೆಲ್ಲ ಕಾಯಿಯ ಹೂರಣ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸುವುದು. ಎಲೆಯಲ್ಲಿ ತೂತಿರಬಾರದು, ಹಿಟ್ಟು ಸೋರುತ್ತದೆ, ನಾಗನಿಗೂ ಸಲ್ಲದು.

ಕಡಲ ಮರಳಿನ ಹೊಯಿಗೆ ನೆಲದ ಉಪ್ಪುಂದದಲ್ಲಿ ದೊಡ್ಡಮ್ಮನ ಮನೆ. ಅವರ ಹಿತ್ತಲಲ್ಲಿ ಅರಸಿನ ಏಳುವುದಿಲ್ಲ. ಅದಕ್ಕೇ ಹಬ್ಬದ ಮುನ್ನಾದಿನ ಅಮ್ಮ ಒಂದು ಕಟ್ಟು ಎಲೆಯನ್ನು ಬೈಂದೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾಳೆ; ಅವರು ಉಪ್ಪುಂದದ ಸ್ಟಾಪಿನ ಅಂಗಡಿಯಲ್ಲಿ ಇಳಿಸುತ್ತಾರೆ. ಇದು ಮಾತಿದ್ದ ಕಾಲದ ಪದ್ಧತಿ. ಮಾತು ನಿಂತದ್ದು ದೊಡ್ಡಮ್ಮನ ಮಗನ ಮದುವೆಯ ಸಮಯದಲ್ಲಿ. ಮನೆಗೆ ಬಂದು ಬಾಯಿತುಂಬ ಕರೆದು ಹೇಳಿಕೆ ಮಾಡಲಿಲ್ಲ ಎನ್ನುವುದು ಅಮ್ಮನ ವಾದ. ಬಂದಿದ್ದೆವು, ಬೀಗ ಹಾಕಿತ್ತು, ಮದುವೆಯ ಕಾಗದವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಹೋದೆವು ಎನ್ನುವುದು ಅವರ ವಾದ. ಕಾಗದ ಸಿಕ್ಕಿದ್ದು ನಿಜ. “ಹೇಳ್ಕಿ ಮಾಡಿದ್ ಕಿಟ್ಕಿಗೆ. ಕಿಟ್ಕಿಯೇ ಹೋಯ್ ಉಂಡ್ಕಂಡ್ ಬರ್ಲಿ” ಎಂದು ಅಮ್ಮ ಮದುವೆಗೆ ಹೋಗಲಿಲ್ಲ.

ಆಮೇಲೆ ಫೋನೂ ಇಲ್ಲ, ಹೋಗಿಬರುವುದೂ ಇಲ್ಲ. ಎಲೆ ಮಾತ್ರ ನಿಲ್ಲಲಿಲ್ಲ. ಯಾಕೆ ಕಳಿಸುತ್ತೀ ಎಂದರೆ “ಹಬ್ಬ ನಾಗಂದ್, ಅವಳ್ದಲ್ಲ” ಎನ್ನುತ್ತಿದ್ದಳು. ಆ ಕಡೆಯಿಂದ ಸುದ್ದಿ ಬರುತ್ತಿರಲಿಲ್ಲ. ಆದರೆ ಕಟ್ಟು ವಾಪಸೂ ಬರುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು ಅಮ್ಮನಿಗೆ.

ಈ ಮಳೆಗಾಲ ಅರಸಿನ ಎಲೆಗಳ ಅಂಚು ಅಲ್ಲಲ್ಲಿ ಮಡಚಿಕೊಂಡವು. ಬಿಡಿಸಿ ನೋಡಿದರೆ ಒಳಗೆ ತಿಳಿಹಸಿರು ಮೈಯ, ಕಪ್ಪು ತಲೆಯ ಹುಳ. ಎಲೆಯ ಅಂಚನ್ನು ಕತ್ತರಿಸಿ, ಮಡಚಿ, ತನ್ನದೇ ನೂಲಿನಲ್ಲಿ ಹೊಲಿದುಕೊಂಡು ಒಳಗಿರುತ್ತದೆ. ಅಮ್ಮ ಕಡುಬು ಮಡಚುವುದೂ ಬಹುತೇಕ ಹಾಗೆಯೇ. ಇದರಿಂದ ಬರುವ ಚಿಟ್ಟೆಗೆ ಕಂದು ಮೈ, ಬಿಳಿ ಚುಕ್ಕೆ. ಪತಂಗವೆಂದು ಜನ ತಿರುಗಿಯೂ ನೋಡುವುದಿಲ್ಲ. ನಮ್ಮ ಮನೆಗೆ ಅದು ಬಂದದ್ದು ಇದೇ ಮೊದಲು. ಎಲೆ ಮುಟ್ಟಬೇಡ ಎಂದೆ.

“ಅಕ್ಕನಿಗ್ ಎಂತ ಕಳ್ಸುದ್ ಹಂಗಾರೆ? ನಿನ್ ಭಾಷಣವಾ?”

ಕೊನೆಗೆ ಪಾಲಾಯಿತು. ಬಾವಿ ಕಡೆಯ ಸಾಲು ಹುಳಕ್ಕೆ, ಉಳಿದದ್ದು ಕಡುಬಿಗೆ. ಮುನ್ನಾದಿನ ಜೋರು ಮಳೆ. ಅಮ್ಮ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಹೋಗಿ ಎಲೆ ಕೊಯ್ದಳು. ನಾನು ಹೊರಗೆ ಹೋದವಳು ಮನೆ ಸೇರುವಷ್ಟರಲ್ಲಿ ಕಟ್ಟು ಬಾಳೆನಾರು ಸುತ್ತಿಕೊಂಡು ಬಸ್ಸು ಹತ್ತಿಯಾಗಿತ್ತು.

ಹಬ್ಬ ಮುಗಿದ ಮರುದಿನ ಅಮ್ಮನೂ ನಾನೂ ಹಾಲು ತರಲು ರಸ್ತೆಗೆ ಹೋದಾಗ ಬಸ್ಸು ನಿಂತಿತು. ಅದೇ ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, “ಹ್ವಾಯ್ ಅಮ್ಮ, ಉಪ್ಪುಂದದ್ ಸಾಮಾನ್ ಇತ್ತ್” ಎಂದು ಒಂದು ಬಿಳಿ ಡಬ್ಬಿ ಕೊಟ್ಟರು. ಅಮ್ಮ ಅದನ್ನು ಸೆರಗಿನಡಿ ಇಟ್ಟುಕೊಂಡು ಹಾಲನ್ನೂ ಮರೆತು ಮನೆಗೆ ಬಂದಳು. ಮುಚ್ಚಳದಲ್ಲಿ ಬಿಸಿ ಸೂಜಿಯಿಂದ ಮಾಡಿದ ಸಣ್ಣ ಸಣ್ಣ ತೂತುಗಳು. ಒಳಗೆ ಒದ್ದೆ ಬಟ್ಟೆಯ ತುಂಡು, ಅದರ ಮೇಲೆ ಒಂದು ಇಡೀ ಅರಸಿನ ಎಲೆ, ಎಲೆಯ ಮೇಲೆ ನಮ್ಮದೇ ಎಲೆಯಿಂದ ಕತ್ತರಿಸಿ ತೆಗೆದ ಒಂದು ಮಡಿಕೆ. ಮಡಿಕೆಯೊಳಗೆ ಹುಳ ಆಗಲೇ ಕೋಶವಾಗಿ, ಅಕ್ಕಿಹಿಟ್ಟು ಹಚ್ಚಿಕೊಂಡಂತೆ ಬೆಳ್ಳಗೆ ಮಲಗಿತ್ತು. ಬೇರೇನೂ ಇಲ್ಲ.

“ಕಾಣ್” ಎಂದಳು ಅಮ್ಮ. “ಕೊಟ್ಟದ್ದನ್ನ ತಿರ್ಗಿ ಕಳ್ಸಿದ್ಳ್.” ಅವಳ ಸ್ವರ ಸಣ್ಣಗಿತ್ತು. ಅದುವರೆಗೆ ವಾಪಸು ಬಾರದಿದ್ದದ್ದು ಬಂದಿತ್ತಲ್ಲ.

“ಮುಚ್ಚಳಕ್ಕೆ ತೂತ್ ಹಾಕಿದ್ರಲ್ಲ ಅಮ್ಮ. ಸಿಟ್ಟಿನಗೆ ಕಳ್ಸುವರ್ ಹುಳ ಉಸ್ರಾಡ್ಲಿ ಅಂತ ತೂತ್ ಹಾಕ್ತ್ರಾ?”

“ಹಾಕ್ತ್ರ್. ಸತ್ರೆ ನಾ ಅದ್ಕೂ ತಪ್ಪ್ ಹೇಳ್ತೆ ಅಂತ. ಅವ್ಳ್ ನನ್ ಅಕ್ಕ, ನಂಗ್ ಗೊತ್ತಿತ್ತ್.”

“ಎಲೆಯೂ ಇಟ್ಟಿದ್ರ್.”

“ಎಲೆ ನಂದೇ ಅಲ್ದಾ?”

ಎಲ್ಲ ಅಂಶಕ್ಕೂ ಅವಳ ಹತ್ತಿರ ಉತ್ತರವಿತ್ತು. ನಾನು ದಾರಿ ಬದಲಿಸಿದೆ. “ಹರಿವೆ ಸೊಪ್ಪಿನಗೆ ಸಾಸಿವೆ ಅಷ್ಟ್ ಹುಳ ಇದ್ರೂ ನೀ ಕಾಂತೆ. ಇಷ್ಟ್ ದೊಡ್ಡ ಮಡಿಕೆ ಹ್ಯಾಂಗ್ ಕಾಣ್ಲಿಲ್ಲ?”

“ಮಳಿ ಇದಿತ್ತ್” ಎಂದು ಒಳಗೆ ಹೋದಳು.

ಮಳೆ ಇತ್ತು, ಸರಿ. ಆದರೆ ಕಟ್ಟು ಕಟ್ಟಿದ್ದು ಮಳೆ ಬೀಳದ ಚಾವಡಿಯಲ್ಲಿ.

ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಕೂತಿತು. ಮುಚ್ಚಳ ತೆಗೆದು ಬಲೆಬಟ್ಟೆ ಕಟ್ಟಿದ್ದು ನಾನು. ದಿನಾ ಇಣುಕುತ್ತಿದ್ದದ್ದು ಇಬ್ಬರೂ. ಒಂದು ಬೆಳಿಗ್ಗೆ ಅಮ್ಮ ಕೂಗಿದಳು, “ಹೆಣೆ, ಬಾ ಕಾಣ್.” ಡಬ್ಬಿಯ ಅಂಚಿನಲ್ಲಿ ಕಂದು ಬಣ್ಣದ್ದು ರೆಕ್ಕೆ ಒಣಗಿಸುತ್ತ ಕೂತಿತ್ತು. ಅಮ್ಮ ಬಲೆಬಟ್ಟೆ ಬಿಚ್ಚಿ, ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು, ದೋಸೆ ಕರಟುವ ವಾಸನೆ ಬಂದರೂ ಅಲ್ಲಾಡದೆ ನಿಂತಿದ್ದಳು. ಅದು ಹಾರಿ ಅರಸಿನದ ಕಡೆಗೆ ಹೋಯಿತು. “ಇಷ್ಟೇಯಾ? ಒಂದ್ ಬಣ್ಣವೂ ಇಲ್ಲ” ಎಂದಳು. ಆಮೇಲೆ ಡಬ್ಬಿಯನ್ನು ತೊಳೆದು, ಒರೆಸಿ, ಕಪಾಟಿನ ಮೇಲಿಟ್ಟಳು.

ಒಣಮೆಣಸು ಹಾಕಿಡಲು ನಾನು ಅದನ್ನು ತೆಗೆದಾಗ ಕೈಗೆ ಬಡಿದಳು. “ಅದ್ರಗೆ ಹಾಕ್‌ಬ್ಯಾಡ. ಅದ್ ನಮ್ದಲ್ಲ.”

“ಹಂಗಾರೆ ವಾಪಸ್ ಕಳ್ಸ್.”

“ಖಾಲಿ ಡಬ್ಬಿ ಕಳ್ಸುಕಾತ್ತಾ?”

“ಎಂತಾರೂ ಹಾಕಿ ಕಳ್ಸ್.”

“ಎಂತ ಹಾಕುದ್? ನೀನೇ ಹೇಳ್. ಅಷ್ಟ್ ಕಪ್ ಗೆದ್ಕಂಡ್ ಬಂದಿದ್ಯಲ್ಲ.”

ಡಬ್ಬಿಯನ್ನು ಕಪಾಟಿನ ಮೇಲೆ ತಿರುಗಿ ಇಟ್ಟೆ. ಆದರೆ ಆವತ್ತಿನಿಂದ ತಲೆಯಲ್ಲಿ ಬೇರೆಯೇ ಒಂದು ಕೊರೆತ. ನಮ್ಮ ಕಡೆ ಯಾರ ಮನೆಯ ಡಬ್ಬಿಯೂ ಖಾಲಿ ಹಿಂದಿರುಗುವುದಿಲ್ಲ. ಒಂದು ಉಂಡೆ ಬೆಲ್ಲವಾದರೂ ಬೀಳಬೇಕು. ಇದು ದೊಡ್ಡಮ್ಮನಿಗೆ ಗೊತ್ತಿಲ್ಲವೇ? ಎಲೆ ಬೇಡವೆಂದು ಹಿಂತಿರುಗಿಸುವವರು ಪೇಪರಿನಲ್ಲಿ ಸುತ್ತಿ ಕಳಿಸಬಹುದಿತ್ತು. ಡಬ್ಬಿ ಕಳಿಸಿದರೆ ಇತ್ತಲಿಂದ ಒಂದು ಉತ್ತರ ಹೋಗಲೇಬೇಕು. ಹಾಗಾದರೆ ಅದು ಕರೆ. ಅಲ್ಲ, ಹುಳ ಸಾಯಬಾರದೆಂದು ಕೈಗೆ ಸಿಕ್ಕ ಡಬ್ಬಿ ತೆಗೆದುಕೊಂಡರು, ಅಷ್ಟೇ. ಅದೂ ಅಲ್ಲ, ಹುಳ ಸಾಕುವ ಹುಡುಗಿಯ ಸುದ್ದಿ ಅಲ್ಲಿಗೂ ಮುಟ್ಟಿದೆ, ಕಳಿಸಿದ್ದು ನನಗೆ, ಅಮ್ಮನಿಗಲ್ಲ. ಪ್ರತಿಯೊಂದನ್ನೂ ನಾನು ಗೆಲ್ಲುವ ಹಾಗೆ ವಾದಿಸಬಲ್ಲೆ. ಎದುರಾಳಿಯೂ ನಾನೇ ಆದ್ದರಿಂದ ಸೋಲುವುದೂ ನಾನೇ.

ಹಾಲ್‌ನಲ್ಲಿ ಸೋದರತ್ತೆ ನಗಿಸಿದ ದಿನ ಅಮ್ಮನೂ ಅದೇ ಪಂಕ್ತಿಯಲ್ಲಿ ಕೂತಿದ್ದಳು. ಮನೆಗೆ ಬಂದವಳೇ ಕಪಾಟಿನ ಮೇಲಿನ ಡಬ್ಬಿಯನ್ನು ಒಮ್ಮೆ ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಟ್ಟಳು. ನಾನು ಕರಿಬೇವಿನ ಬುಡದಲ್ಲಿ ನಿಂತು ಉಪ್ಪುಂದಕ್ಕೆ ಫೋನ್ ಮಾಡಿದೆ.

“ಹ್ವಾಯ್, ಯಾರದ್?”

“ನಾನ್ ದೊಡ್ಡಮ್ಮ, ಸಾಲಿಗ್ರಾಮದಿಂದ.”

ಅತ್ತ ಕುಕ್ಕರ್ ಒಂದು ಸೀಟಿ ಹಾಕಿತು. “ನಿನ್ನಮ್ಮ ಹುಷಾರಿದ್ಲಾ?”

“ಹುಷಾರಿದ್ಲ್.”

“ಡಬ್ಬಿ ಇತ್ತಾ?”

“ಇತ್ತ್. ತೊಳ್ದ್ ಇಟ್ಟಿದ್ಲ್.”

“ಅದ್ ಸೊಸೆದ್. ಅವ್ಳ್ ಕೇಣ್ತಿದ್ಲ್.”

ನನ್ನ ಬೆನ್ನ ಹಿಂದೆ ಅಡುಗೆಮನೆಯಲ್ಲಿ ನಲ್ಲಿಯ ನೀರು ನಿಂತಿತು. ಕಿಟಕಿಯ ಸರಳಿನ ಆಚೆ ಅಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ.

“ದೊಡ್ಡಮ್ಮ, ನೀವ್ ಅವತ್ತ್ ಕಳ್ಸಿದ್ದ್ ಹುಳವಾ, ಡಬ್ಬಿಯಾ?”