ಮರಿ ಗುಂಡಗಿದೆ, ಹೆತ್ತವರು ಸೊರಗಿದ್ದಾರೆ

ಬೆಳಗ್ಗೆ ಐದು ಗಂಟೆ ಹತ್ತು ನಿಮಿಷ. ಹದಿನೇಳನೇ ಬಿಲದಲ್ಲಿ ಗೂಡು ಮಾಡಿರುವ ದೊಡ್ಡ ಹಕ್ಕಿಯ ತೂಕ 344 ಗ್ರಾಂ. ಇಪ್ಪತ್ನಾಲ್ಕು ದಿನದ ಹಿಂದೆ ಇದೇ ಹಕ್ಕಿ 398 ಗ್ರಾಂ ಇತ್ತು.

ತೂಗಿದವರು ಹಕ್ಕಿಯನ್ನು ಬಿಲಕ್ಕೆ ಬಿಟ್ಟು, ಬೋರಲು ಮಲಗಿದ್ದಲ್ಲಿಂದ ಏಳುತ್ತಾರೆ. ಭುಜದವರೆಗೂ ಮಣ್ಣು, ಹೆಬ್ಬೆರಳಿನಲ್ಲಿ ಹೊಸ ಕಚ್ಚುಗಾಯ. ಬಟ್ಟೆಯ ಚೀಲವನ್ನು ಮತ್ತೆ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಖಾಲಿ ಚೀಲವನ್ನೂ ತೂಗುತ್ತಾರೆ. ಇಬ್ಬನಿ ಹೀರಿದ ಚೀಲಕ್ಕೆ ಭಾರ ಜಾಸ್ತಿ. ಅದನ್ನು ಕಳೆದರೆ ಉಳಿಯುವುದು ಹಕ್ಕಿ.

ಇವರಿಗೆ ಐವತ್ತಾರು ವರ್ಷ. ನಡುಗಡ್ಡೆಯ ಕಡಲಹಕ್ಕಿ ಅಧ್ಯಯನ ಕೇಂದ್ರದ ಕಡತದಲ್ಲಿ ಇಂದಿಗೂ ‘ಅಡುಗೆ ಸಹಾಯಕಿ’. ಉಳಿದವರಿಗೆಲ್ಲ ತಕ್ಕಡಿ ಅಕ್ಕ. ಬಂದರಿನ ಶೆಡ್‌ನಲ್ಲಿ ಹನ್ನೆರಡು ವರ್ಷ ಮೀನು ಸೀಳಿ, ಅಡುಗೆಗೆಂದು ಇಲ್ಲಿಗೆ ಬಂದವರು. ಆಗ ಹಕ್ಕಿ ತೂಗುತ್ತಿದ್ದಾತ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ ವರ್ಷ ತಕ್ಕಡಿ ಇವರ ಕೈಗೆ ಬಂತು. ಅದಾಗಿ ಹದಿನೈದು ವರ್ಷ.

ಅರವತ್ನಾಲ್ಕು ಬಿಲ, ದಿನಕ್ಕೆ ಎಂಟು. ಒಂದು ಬಿಲಕ್ಕೆ ಕೈ ಹಾಕುವುದು ಎಂಟು ದಿನಕ್ಕೊಮ್ಮೆ ಮಾತ್ರ. ಪದೇ ಪದೇ ಮುಟ್ಟಿದರೆ ಹಕ್ಕಿ ಗೂಡು ಬಿಟ್ಟೀತು. ಗಂಡೋ ಹೆಣ್ಣೋ ನೋಡಿ ಹೇಳಲಾಗದು, ಗುರುತೇನಿದ್ದರೂ ಕಾಲಿಗೆ ತೊಡಿಸಿದ ಸಂಖ್ಯೆಯ ಉಂಗುರ. ದುಡಿತ ಎರಡಕ್ಕೂ ಒಂದೇ. ಮೊದಲೆಲ್ಲ ಮೀನು ಹಿಡಿದು ನಾಲ್ಕೈದು ಗಂಟೆಯಲ್ಲಿ ಮರಳುತ್ತಿದ್ದವು, ಈ ಸಲ ಹನ್ನೊಂದು ಗಂಟೆ ಹಿಡಿಯುತ್ತಿದೆ. ಗಿಡ್ಡ ರೆಕ್ಕೆಯ ಈ ಹಕ್ಕಿಗೆ ಗಾಳಿಯಲ್ಲಿ ತೇಲಿಕೊಂಡು ಬರುವ ಸುಖವಿಲ್ಲ. ದಾರಿಯುದ್ದಕ್ಕೂ ಬಡಿಯಲೇಬೇಕು, ಬಡಿದಷ್ಟೂ ಮೈ ಕರಗುತ್ತದೆ. ಕೊಕ್ಕಿನಲ್ಲಿ ತಂದದ್ದು ಮಾತ್ರ ಮರಿಗೇ.

ಗೂಡುಕಟ್ಟುವ ತಿಂಗಳುಗಳಲ್ಲೂ ನಡುಗಡ್ಡೆಯ ಸುತ್ತ ದೊಡ್ಡ ಬಲೆಗಳಿಗೆ ಅವಕಾಶ ಕೊಡಬೇಕೇ ಎಂಬ ವಿಚಾರಣೆ ಮುಂದಿನ ವಾರ. ಅದಕ್ಕಾಗಿ ಕೇಂದ್ರದ ಅಧಿಕಾರಿ ಸಿದ್ಧಪಡಿಸಿದ ವರದಿ ಒಂದೇ ಪುಟದ್ದು: ಮರಿಗಳ ತೂಕ ಸರಿಯಾಗಿದೆ, ಆದ್ದರಿಂದ ಮೀನಿಗೆ ಕೊರತೆಯಿಲ್ಲ. ದೊಡ್ಡ ಹಕ್ಕಿಗಳ ತೂಕದ ಕಾಲಂ ಅದರಲ್ಲಿಲ್ಲ. ತೂಗಿದವರ ಸಹಿಗೆ ಮಾತ್ರ ಜಾಗವಿದೆ, ಅದಿಲ್ಲದೆ ವರದಿ ವಿಚಾರಣೆಯಲ್ಲಿ ನಡೆಯುವುದಿಲ್ಲ.

“ಇದಕ್ಕೆ ನಾನು ಸಹಿ ಹಾಕಲ್ಲ ಸಾರ್,” ಎಂದು ತಕ್ಕಡಿ ಅಕ್ಕ ಕಾಗದವನ್ನು ಮೇಜಿನ ಮೇಲೆ ವಾಪಸ್ ಇಡುತ್ತಾರೆ.

“ದೊಡ್ಡ ಹಕ್ಕಿಗಳ ಲೆಕ್ಕ ನಂಬೋಕಾಗಲ್ಲಮ್ಮ. ಬೆಳಗಿನ ಹೊತ್ತು ಚೀಲ ಒದ್ದೆ ಇರುತ್ತೆ.”

“ಖಾಲಿ ಚೀಲ ಪ್ರತಿ ಸಲ ತೂಗ್ತೀನಿ, ಪುಸ್ತಕದಲ್ಲಿದೆ. ತೂಗಲಿಲ್ಲ ಅಂತಲೇ ಇಟ್ಕೊಳ್ಳಿ. ಒದ್ದೆ ಚೀಲ ಹಕ್ಕೀನ ದಪ್ಪ ತೋರಿಸ್ಬೇಕು ಸಾರ್, ಸಣ್ಣ ಅಲ್ಲ. ನಿಮ್ಮ ಮಾತೇ ನಿಜ ಆದ್ರೆ, ಅವು ನಾನು ಬರೆದಿರೋದಕ್ಕಿಂತ ಇನ್ನೂ ಸೊರಗಿವೆ.”

ಅಧಿಕಾರಿ ಕನ್ನಡಕ ತೆಗೆದು ಒರೆಸುತ್ತಾರೆ. ಅಕ್ಕ ಬಿಡುವುದಿಲ್ಲ. “ನಾನೂ ಇಬ್ಬರನ್ನ ಸಾಕಿದೀನಿ. ಮಕ್ಕಳ ಕೆನ್ನೆ ನೋಡಿ ಮನೆ ಚೆನ್ನಾಗಿದೆ ಅನ್ನೋರು ಆಗಲೂ ಇದ್ರು. ನನ್ನ ತಟ್ಟೆ ಯಾರೂ ನೋಡ್ಲಿಲ್ಲ.”

ಅವರನ್ನು ದಿನಾ ನಡುಗಡ್ಡೆಗೆ ಬಿಡುವ ದೋಣಿಯವರು ಅವರ ಯಜಮಾನರೇ. ‘ನಿನ್ನ ಹೆಂಡತಿ ಹಕ್ಕಿಗಳ ವಕೀಲಿಕೆ ಶುರು ಮಾಡಿದ್ಲಂತೆ’ ಎಂದು ಬಂದರಿನಲ್ಲಿ ಗೇಲಿ ಕೇಳಿಸಿಕೊಂಡು ಬಂದಿದ್ದಾರೆ.

“ಸುಮ್ನೆ ಸಹಿ ಹಾಕಿದ್ರೆ ಏನಾಗ್ತಿತ್ತೇ? ಕೆಲಸ ಹೋದ್ರೆ ಏನು ಮಾಡ್ತೀಯ?”

“ದೋಣೀಲಿ ಕೂತು ನಿಮ್ಮನ್ನ ತೂಗ್ತೀನಿ. ಹೊಟ್ಟೆ ಎಷ್ಟು ಬಂದಿದೆ ಅಂತ ಅದನ್ನೂ ಬರೀತೀನಿ.”

ದೋಣಿಯವರು ನಗುತ್ತಾ ಹುಟ್ಟು ಹಾಕುತ್ತಾರೆ. ದಡ ಹತ್ತಿರವಾದಾಗ ಅಕ್ಕನೇ ಮೆಲ್ಲಗೆ ಹೇಳುತ್ತಾರೆ: “ನನಗೇನೂ ಕೊಡೋದು ಬೇಡ ಕಣ್ರೀ. ಆ ಕಾಲಂ ಇರ್ಲಿ, ಸಾಕು.”

ಮರುದಿನ ಸಹಿಯಿಲ್ಲದ ವರದಿ ಅವರ ಮುಂದೆ ಮತ್ತೆ ಬರುತ್ತದೆ. ಅವರು ಪೆನ್ನು ಮುಟ್ಟುವುದಿಲ್ಲ. ನಾಲ್ಕನೇ ದಿನ ಬಂದ ವರದಿ ಎರಡು ಪುಟದ್ದು. ಎರಡನೇ ಪುಟದಲ್ಲಿ ಅರವತ್ನಾಲ್ಕು ಬಿಲಗಳ ದೊಡ್ಡ ಹಕ್ಕಿಗಳ ತೂಕ. ಅಕ್ಕ ಸಾಲು ಸಾಲನ್ನೂ ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿ, ಒಂದು ಕಡೆ ತಪ್ಪು ತಿದ್ದಿಸಿ, ಸಹಿ ಹಾಕುತ್ತಾರೆ.

ವಿಚಾರಣೆಯ ದಿನ ಬೆಳಗ್ಗೆ ಅವರು ಎಂದಿನಂತೆ ನಡುಗಡ್ಡೆಯಲ್ಲಿದ್ದರು. ಅಂದು ಹದಿನೇಳನೇ ಬಿಲದ ಸರದಿ. ಹಕ್ಕಿಯ ತೂಕ 339 ಗ್ರಾಂ.