ಮೂಗನಲ್ಲದ ದೇವರು

ಶರಾವತಿಯ ತೆಂಕಣ ದಂಡೆಯ ಕಾಸರಕೋಡಿನಲ್ಲಿ ಪಿಯದಾದ್ ಎಂಬ ಹೆಂಗಸಿದ್ದಳು. ಹೊಳೆಯಾಚೆ ಹೊನ್ನಾವರದ ಕ್ರೈಸ್ತರ ಇಗರ್ಜಿಯ ಪೀಠಕ್ಕೆ ಹಾಸುವ ಬಿಳಿ ಬಟ್ಟೆಗಳಿಗೆ ಅಂಚು ಹೊಲಿಯುವುದು ಅವಳ ಕೆಲಸ. ಕೈ ಬಲು ಚುರುಕು. ನಾಲಿಗೆಯದ್ದೇ ಕಷ್ಟ. ಹುಟ್ಟಿದಾಗಿನಿಂದ ಉಗ್ಗು. ಮಾತು ಗಂಟಲವರೆಗೆ ಓಡಿ ಬಂದು ಬಾಗಿಲಲ್ಲಿ ಸಿಕ್ಕಿಕೊಂಡ ದನದ ಹಾಗೆ ನಿಂತುಬಿಡುತ್ತಿತ್ತು. ಕಣ್ಣು ಕೆಂಪಾಗುತ್ತಿತ್ತು, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಎದುರಿಗಿದ್ದವರಿಗೇ ಉಸಿರು ಕಟ್ಟಿದಂತಾಗುತ್ತಿತ್ತು.

ಹಾಗಾಗಿ ಅವಳ ಮಾತನ್ನೆಲ್ಲ ಅಣ್ಣ ಬಸ್ತ್ಯಾಂವನೇ ಆಡುತ್ತಿದ್ದ. ಅವನು ಹೊನ್ನಾವರದ ಕಡವಿನಲ್ಲಿ ದೋಣಿ ದಾಟಿಸುವವನು. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವನು. ಮೀನಿನವಳ ಹತ್ತಿರ ಅವಳ ತುಟಿ ಅಲುಗಿದರೆ ಇವನು "ಬಂಗುಡೆ" ಅನ್ನುತ್ತಿದ್ದ. ಪಾದ್ರಿಗಳ ಮುಂದೆ ಅವಳು ಬಾಯಿ ತೆರೆದರೆ ಸಾಕು, ಇವನು ಪೂರ್ತಿ ವಾಕ್ಯ ಮುಗಿಸಿ ಕೊಡುತ್ತಿದ್ದ. ಎಲ್ಲವೂ ಪ್ರೀತಿಯಿಂದಲೇ. ಆದರೆ ಅವಳು ಪಾಪ್ಲೆಟ್ ಕೇಳಬೇಕೆಂದಿದ್ದ ದಿನಗಳಲ್ಲೂ ಮನೆಗೆ ಬಂಗುಡೆಯೇ ಬರುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಅವಳಿಗೆ ಇಗರ್ಜಿಯಲ್ಲಿ ಪ್ರಾಣಕ್ಕಿಂತ ಇಷ್ಟವಾದ ಗಳಿಗೆಯೊಂದಿತ್ತು. ಆಗೆಲ್ಲ ಪೂಜೆ ಲ್ಯಾಟಿನ್ನಿನಲ್ಲಿ. ಕೊನೆಗೆ ಪಾದ್ರಿಗಳು ಪೀಠದ ಎಡಗಡೆಗೆ ಹೋಗಿ ಏನೋ ಓದುತ್ತಿದ್ದರು. ನಡುವೆ ಒಂದು ಮಾತು ಬಂದ ಕೂಡಲೇ ಇಡೀ ಇಗರ್ಜಿ ಧಡ್ಡನೆ ಮೊಣಕಾಲೂರುತ್ತಿತ್ತು. ಯಾಕೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಪಿಯದಾದ್ ಚಿಕ್ಕವಳಿದ್ದಾಗ ಒಬ್ಬ ಸಿಸ್ಟರ್ ಹೇಳಿಕೊಟ್ಟಿದ್ದರು: "ದೇವರ ಮಾತೇ ಮನುಷ್ಯನಾಗಿ ಹುಟ್ಟಿತು ಅಂತ ಅಲ್ಲಿ ಬರ್ತದೆ ಮಗಾ. ಯೇಸು ಅಂದರೆ ದೇವರ ಮಾತು." ಮಾತೇ ಬಾರದ ಹುಡುಗಿಗೆ ಅದು ಎದೆಯಲ್ಲಿ ನಾಟಿತು. ದೇವರು ತನಗೆ ಬೇರೇನೂ ಹೇಳದೆ ಆ ಒಂದು ಸಂಗತಿಯನ್ನು ಮಾತ್ರ ಹೇಳಿದ್ದಾನೆ ಎಂದುಕೊಂಡು ಬೆಳೆದಳು.

ಅರವತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಲ್ಯಾಟಿನ್ ಹೋಗಿ ಪೂಜೆ ಕೊಂಕಣಿಗೆ ಬಂತು. ಆವರೆಗೆ ತಲೆಬಾಗಿ ಕೇಳುತ್ತಿದ್ದವರು ಅರ್ಥ ತಿಳಿದು ಪ್ರಶ್ನೆ ಕೇಳತೊಡಗಿದರು. ಅದೇ ಹೊತ್ತಿಗೆ ಸತ್ಯಮಿತ್ರ ಎಂಬ ಬೋಧಕ ಹೊನ್ನಾವರಕ್ಕೆ ಬಂದ. ಯಾವ ಕ್ರೈಸ್ತ ಸಭೆಗೂ ಸೇರದ ಒಂಟಿ ಮನುಷ್ಯ. ಘಟ್ಟದ ಮೇಲಿನವನು, ಕನ್ನಡ ಬಲು ಚೆಂದ, ನಡತೆ ಅದಕ್ಕಿಂತ ಚೆಂದ. ದಿನವೂ ಬಸ್ತ್ಯಾಂವನ ದೋಣಿಯಲ್ಲಿ ಹೊಳೆ ದಾಟುತ್ತಿದ್ದ. ದಾಟುತ್ತ ದಾಟುತ್ತ ಕೇಳುತ್ತಿದ್ದ:

"ಬಸ್ತ್ಯಾಂವಣ್ಣ, ಅಪ್ಪ ಮೊದಲೋ ಮಗ ಮೊದಲೋ?"

"ಅಪ್ಪ."

"ಮಾತು ಮೊದಲೋ, ಆಡುವವನು ಮೊದಲೋ?"

"ಆಡುವವನು."

"ಅಂದರೆ ದೇವರ ಮಾತು ಇಲ್ಲದೆ ದೇವರೊಬ್ಬನೇ ಇದ್ದ ಕಾಲ ಇತ್ತಲ್ಲ? ಆಮೇಲೆ ಅವನು ಮಾತನ್ನು ಸೃಷ್ಟಿಸಿದ. ಸೃಷ್ಟಿಯಾದದ್ದು ದೊಡ್ಡದಿರಬಹುದು, ದೇವರು ಹೇಗಾದೀತು?"

ಹುಟ್ಟು ಹಾಕುತ್ತಿದ್ದ ಬಸ್ತ್ಯಾಂವನ ಕೈ ನಿಂತಿತು. ಲೆಕ್ಕ ಸರಿಯಾಗಿಯೇ ಕಂಡಿತು. ತಿಂಗಳೊಪ್ಪತ್ತಿನಲ್ಲಿ ಅವನು ಇಗರ್ಜಿಗೆ ಹೋಗುವುದು ಬಿಟ್ಟ. ಕೇರಿಯ ಇನ್ನೂ ನಾಲ್ಕಾರು ಮನೆಯವರು ಬಿಟ್ಟರು. ಊಟಕ್ಕೆ ಮುಂಚೆ ಶಿಲುಬೆಯ ಗುರುತು ಹಾಕುತ್ತಿದ್ದ ತಂಗಿಯ ಕೈ ಹಿಡಿದು ಒಂದು ದಿನ ಹೇಳಿದ: "ತಂದೆ, ಮಗ, ಪವಿತ್ರಾತ್ಮ ಅಂತ ಮೂವರನ್ನೂ ಒಂದೇ ಪಂಕ್ತಿಗೆ ಕೂರಿಸಬೇಡ."

ಪಿಯದಾದ್ ಗಂಜಿಯ ಬಟ್ಟಲು ಕೆಳಗಿಟ್ಟಳು. "ಅಣ್ಣಾ, ಮಾ... ಮಾತು..."

"ಮಾತು ಆಮೇಲೆ ಬಂತು. ಅದನ್ನೇ ಹೇಳ್ತಾ ಇದ್ದೇನೆ ನಾನೂ," ಎಂದು ಅವನು ಮುಗಿಸಿದ.

ಅವಳು ಹೇಳಬೇಕೆಂದದ್ದು ಅದಕ್ಕೆ ತೀರಾ ಉಲ್ಟಾ. ಮತ್ತೆ ಬಾಯಿ ತೆರೆದಳು. ಮತ್ತೆ ಅವನೇ ಮುಗಿಸಿದ. ಮೀನಿನ ವಿಷಯ ಹೇಗೋ ನಡೆದಿತ್ತು. ದೇವರ ವಿಷಯದಲ್ಲೂ ತನ್ನ ಬಾಯಿಗೆ ಬೇರೆಯವರ ತುತ್ತು ಬಿದ್ದದ್ದು ಅವಳಿಗೆ ಸಹಿಸಲಾಗಲಿಲ್ಲ. ಎದ್ದು ಬಾವಿಕಟ್ಟೆಗೆ ಹೋಗಿ ಅತ್ತಳು. ತರಕಾರಿ ಬುಟ್ಟಿ ಹೊತ್ತು ಬರುತ್ತಿದ್ದ ಪಕ್ಕದ ಹಾಡಿಯ ದುರ್ಗಿ ನೋಡಿ ಹತ್ತಿರ ಕೂತಳು. ಅವಳಿಗೆ ಈ ಜಗಳದ ತಲೆಬುಡ ತಿಳಿಯದು, ಆದರೂ ಕೇಳಿದಳು: "ಎಂತ ಆತೇ?" ಪಿಯದಾದ್ ಉಗ್ಗುತ್ತ ಉಗ್ಗುತ್ತ ಎಲ್ಲವನ್ನೂ ಹೇಳಿದಳು. ದುರ್ಗಿ ನಡುವೆ ಬಾಯಿ ಹಾಕಲಿಲ್ಲ. ಸೊಪ್ಪು ಸೋಸುತ್ತ ಕೇಳಿದಳು, ಕೊನೆಗೆ ಅಂದಳು: "ನಂಗೆ ತಿಳೀತಲೆ, ನೀ ಹೇಳಿದ್ದು. ಅಲ್ಲಿ ಹೋಗಿ ಇದನ್ನೇ ಹೇಳು."

"ಅಲ್ಲಿ" ಅಂದರೆ ಶಾಲೆಯ ಅಂಗಳ. ಕೇರಿ ಎರಡು ಪಾಲಾಗುವುದನ್ನು ನೋಡಲಾರದೆ ವಯಸ್ಸಾದ ಪಾದ್ರಿಗಳು ಸತ್ಯಮಿತ್ರನನ್ನು ಬಹಿರಂಗ ಚರ್ಚೆಗೆ ಕರೆದಿದ್ದರು. ಆದಿತ್ಯವಾರ ಪೂಜೆ ಮುಗಿದ ಮೇಲೆ ಮಾವಿನಮರದ ಅಡಿ ಜನ ಜಮಾಯಿಸಿತು. ಕ್ರಿಸ್ತುವರಲ್ಲದೆ ಕಡವಿನ ಹಮಾಲರು, ಪೇಟೆಯ ಅಂಗಡಿಯವರೂ ಬಂದರು. ದುರ್ಗಿಯಂತೂ ಮುಂದಿನ ಸಾಲಿನಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ಪಾದ್ರಿಗಳು ಬಹಳ ಓದಿದವರು. ಹಳೇ ಕಾಲದ ಮಹಾಸಭೆಗಳು, ಅಲ್ಲಿ ಕೂತ ಬಿಷಪರು, ಗ್ರೀಕ್ ಶಬ್ದಗಳು, ಸತ್ತ್ವ, ಸ್ವರೂಪ ಎಂದೆಲ್ಲ ಹೇಳಿದರು. ಹೇಳಿದ್ದೆಲ್ಲ ಸರಿಯೇ, ಆದರೆ ಬಿಸಿಲೇರುತ್ತಿತ್ತು, ಜನ ಆಕಳಿಸಿದರು. ಸತ್ಯಮಿತ್ರ ಎದ್ದು ದೋಣಿಯಲ್ಲಿ ಕೇಳಿದ ಪ್ರಶ್ನೆಗಳನ್ನಷ್ಟೇ ಕೇಳಿದ. ಜನ ನಕ್ಕರು, ತಲೆದೂಗಿದರು. ಬಸ್ತ್ಯಾಂವ ಎದೆಯುಬ್ಬಿಸಿ ಕೂತ.

"ಇನ್ನು ಯಾರಾದರೂ ಕೇಳುವವರಿದ್ದರೆ ಕೇಳಬಹುದು," ಅಂದ ಸತ್ಯಮಿತ್ರ.

ಹೆಂಗಸರ ಸಾಲಿನಿಂದ ಪಿಯದಾದ್ ಎದ್ದಳು. ಅವಳ ತುಟಿ ಬಿಗಿಯಿತು, ಕುತ್ತಿಗೆಯ ನರ ಎದ್ದಿತು, ಸ್ವರ ಹೊರಡಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇಗರ್ಜಿಯ ಹಾಡುಗಾರನೊಬ್ಬ, "ಹಾಡಿನಲ್ಲಿ ಹೇಳು ಪಿಯದಾದ್ ಬಾಯಿ, ಹಾಡುವಾಗ ನಿನಗೆ ಉಗ್ಗು ಬರೂದಿಲ್ಲವಲ್ಲ" ಅಂದ. ಬಸ್ತ್ಯಾಂವ ಎದ್ದು ನಿಂತು, "ಅವಳು ಎಂತ ಕೇಳ್ತಾಳೆ ಅಂದರೆ..." ಎಂದು ಶುರುಮಾಡಿದ.

ಪಿಯದಾದ್ ಅಣ್ಣನತ್ತ ಅಂಗೈ ಎತ್ತಿ ತೋರಿಸಿದಳು. ಜೀವಮಾನದಲ್ಲಿ ಮೊದಲ ಸಲ. "ಕೂ... ಕೂತ್ಕೋ ಅಣ್ಣಾ. ನಾನೇ ಹೇಳ್ತೆ."

"ನಿಧಾನಕ್ಕೆ ಹೇಳೇ," ಎಂದಳು ದುರ್ಗಿ, ಇಡೀ ಅಂಗಳಕ್ಕೆ ಕೇಳುವಂತೆ. "ನಮ್ಗೆಂತ ಬಸ್ಸು ತಪ್ಪಿ ಹೋಗ್ತದಾ?"

ಜನ ನಕ್ಕರು, ಈ ಸಲದ ನಗು ಬೇರೆ. ಪಿಯದಾದಳ ಹೆಗಲು ಸಡಿಲವಾಯಿತು. ಒಂದೊಂದೇ ಮಾತನ್ನು, ಭಾರದ ಕಲ್ಲು ಎತ್ತಿಡುವಂತೆ ಎತ್ತಿಟ್ಟಳು.

"ಸ್ವಾಮೀ, ನಾನು ಈಗ ಮಾತಾಡೂಕೆ ಇಷ್ಟು ಹೊತ್ತು ಬೇಕಾಯ್ತು. ಸ್ವರ ಈಗ ಬಂತು. ಆದರೆ ಮಾತು ಈಗ ಹುಟ್ಟಿತಾ? ನಾನು ಬಾಯಿ ಮುಚ್ಚಿ ನಿಂತಾಗ ಮಾತು ಒಳಗೆ ಇರ್ಲಿಲ್ವಾ?"

"ಇತ್ತು ತಾಯಿ," ಎಂದ ಸತ್ಯಮಿತ್ರ. ಅವನು ಪ್ರಾಮಾಣಿಕ ಮನುಷ್ಯ. "ಆದರೆ ಆ ಮಾತನ್ನೂ ನೀವು ಕಲಿತದ್ದೇ. ಹುಟ್ಟಿದ ಕೂಸಿಗೆ ಮಾತಿರುವುದಿಲ್ಲ. ನಿಮ್ಮಲ್ಲೂ ಮೊದಲು ನೀವು, ಆಮೇಲೆ ಮಾತು."

ಒಳ್ಳೆಯ ಏಟು. ಪಾದ್ರಿಗಳು ಕಣ್ಣು ಮುಚ್ಚಿಕೊಂಡರು. ಪಿಯದಾದ್ ಮಾತ್ರ ತಲೆಯಾಡಿಸಿದಳು, ಆ ಉತ್ತರಕ್ಕೇ ಕಾದಿದ್ದವಳ ಹಾಗೆ.

"ಹೌದು. ನನಗೆ ಕಲಿಸಿದರು. ಅಮ್ಮ ಕಲಿಸಿದಳು, ಅ... ಅಣ್ಣ ಕಲಿಸಿದ. ದೇವರಿಗೆ ಯಾರು ಕಲಿಸಿದ್ದು?"

ಅವಳು ಸೆರಗಿನಿಂದ ಬೆವರು ಒರೆಸಿಕೊಂಡು ಮುಂದುವರಿಸಿದಳು.

"ಮಾತಿಲ್ಲದೆ ದೇವರೊಬ್ಬನೇ ಇದ್ದ ಕಾಲ ಇತ್ತು ಅಂತೀರಿ. ಅಂದರೆ ದೇವರು ಮೂ... ಮೂಗನಾಗಿದ್ದ ಕಾಲ ಇತ್ತು ಅಂತ ಆತು. ಮಾತಿಲ್ಲದವನಿಗೆ ಮಾತು ಹೊರಗಿನಿಂದ ಬರಬೇಕು. ಅದು ನನಗೆ ಗೊತ್ತುಂಟು. ಹಾಗೆ ಬಂದರೆ, ಕೊಟ್ಟವನು ದೇವರಿಗಿಂತ ದೊಡ್ಡವನು. ಯಾರೂ ಕೊಡ್ಲಿಲ್ಲ ಅಂದರೆ, ಮಾತು ಅವನ ಹತ್ತಿರ ಯಾವತ್ತೂ ಇತ್ತು. ಅವನಷ್ಟೇ ಹಳೇದು. ಯೇಸು ಹುಟ್ಟಿದಾಗ ಮಾತು ಹುಟ್ಟಲಿಲ್ಲ ಸ್ವಾಮೀ. ಸ್ವರ ಬಂತು. ನಮಗೆ ಕೇಳಿತು."

ಮುಂದಿನ ಸಾಲಿನಿಂದ ದುರ್ಗಿ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಅಂದಳು: "ಖರೆ ಮತ್ತೆ. ಮಗ ಇಲ್ಲದವನಿಗೆ ಅಪ್ಪ ಅಂತ ಯಾರು ಕರೀತ್ರು?" ಅಷ್ಟಕ್ಕೆ ಕಟ್ಟೆಯೊಡೆದಂತೆ ಚಪ್ಪಾಳೆ. ಹಮಾಲರು ಸಿಳ್ಳೆ ಹೊಡೆದರು. ಪಾದ್ರಿಗಳು ಕೋಲೂರಿಕೊಂಡು ಎದ್ದು ಬಂದು ಪಿಯದಾದಳ ತಲೆಯ ಮೇಲೆ ಕೈಯಿಟ್ಟರು.

ಸತ್ಯಮಿತ್ರ ಕೈ ಮುಗಿದ. "ಇದಕ್ಕೆ ನನ್ನ ಹತ್ತಿರ ಈಗ ಉತ್ತರವಿಲ್ಲ ತಾಯಿ. ಯೋಚಿಸುತ್ತೇನೆ." ಸೋತ ಮುಖವಲ್ಲ ಅದು; ದಾರಿಯಲ್ಲಿ ಹೊಸ ಊರು ಕಂಡ ಪಯಣಿಗನ ಮುಖ. ಆ ವಾರವೇ ಅವನು ಕುಮಟೆಯ ಕಡೆಗೆ ಹೊರಟುಹೋದ. ಹೋಗುವ ಮುಂಚೆ ಅಣ್ಣ ತಂಗಿಯ ಮನೆಗೆ ಬಂದು ಚಾ ಕುಡಿದು ಹೋದ.

ಬಸ್ತ್ಯಾಂವ ಮಾತ್ರ ಎರಡು ದಿನ ಮಾತಾಡಲಿಲ್ಲ. ವಾದದಲ್ಲಿ ಸೋತ ಬೇಸರವೆಂದು ಪಿಯದಾದ್ ತಿಳಿದಿದ್ದಳು. ಮೂರನೆಯ ಸಂಜೆ ದೋಣಿ ಕಟ್ಟಿ ಬಂದವನು ಜಗಲಿಯ ಮೇಲೆ ಕೂತು ಕೇಳಿದ: "ಇಷ್ಟೆಲ್ಲ ನಿನ್ನೊಳಗೆ ಇತ್ತಾ?"

"ಇತ್ತು."

"ನಾನು ಬಿಡಲಿಲ್ಲ ಅಲ್ದಾ?"

ಅವಳು ಏನೋ ಹೇಳಹೊರಟಳು. ಸಿಕ್ಕಿಕೊಂಡಿತು. ಬಸ್ತ್ಯಾಂವನ ತುಟಿ ಅಭ್ಯಾಸಬಲದಿಂದ ಅಲುಗಿತು, ಅವನು ಹಲ್ಲು ಕಚ್ಚಿ ಸುಮ್ಮನೆ ಕೂತ. ಕೊನೆಗೂ ಅವಳ ಮಾತು ಬಂತು: "ನೀನಿಲ್ಲದಿದ್ದರೆ ನಾನು ಉಪವಾಸ ಸಾಯ್ತಿದ್ದೆ, ಅಣ್ಣಾ." ಬಸ್ತ್ಯಾಂವ ಅತ್ತ. ಮುಂದಿನ ಆದಿತ್ಯವಾರ ಇಗರ್ಜಿಯಲ್ಲಿ ಎಲ್ಲರಿಗಿಂತ ಮೊದಲು ಮೊಣಕಾಲೂರಿದವನು ಅವನೇ. ಬಿಟ್ಟುಹೋಗಿದ್ದ ಮನೆಯವರೂ ಒಬ್ಬೊಬ್ಬರಾಗಿ ಹಿಂದೆ ಬಂದರು.

ಪಾದ್ರಿಗಳು ಅವಳಿಗೆ ಮಕ್ಕಳ ಧರ್ಮಪಾಠ ಒಪ್ಪಿಸಿದರು. ಉಗ್ಗುವವಳು ಪಾಠ ಹೇಳುವುದೇ ಎಂದು ಕೆಲವರು ಮೂಗು ಮುರಿದರು. ಆದರೆ ಮಕ್ಕಳಿಗೆ ಅದು ತೊಂದರೆ ಅನಿಸಲೇ ಇಲ್ಲ. ಅವರು 'ಬಾಯಿಟೀಚರು' ಎಂದು ಕರೆಯುತ್ತಿದ್ದ ಅವಳ ಮಾತು ನಿಂತಾಗ ಅವರೂ ಕಣ್ಣರಳಿಸಿ ನಿಲ್ಲುತ್ತಿದ್ದರು, ಬಂದಾಗ ಮರೆಯುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ಭಟ್ಕಳದ ಕಡೆಯಿಂದಲೂ ಕರೆ ಬಂತು. ತೆಂಗಿನಗುಂಡಿಯ ಹತ್ತಿರದ ಮನೆಗಳಿಗೆ ಅವಳು ಒಬ್ಬಳೇ ಬಸ್ಸು ಹತ್ತಿ ಹೋಗಿ ಪಾಠ ಹೇಳಿ ಬರತೊಡಗಿದಳು.

ಈಸ್ಟರ್ ಕಳೆದ ಒಂದು ಬೆಳಿಗ್ಗೆ ಮಕ್ಕಳನ್ನೆಲ್ಲ ಅಪ್ಸರಕೊಂಡದ ಜಲಪಾತಕ್ಕೆ ಕರೆದೊಯ್ದಿದ್ದಳು. ಬುತ್ತಿ ಬಿಚ್ಚಿದರು, ನೀರಾಡಿದರು. ಗುಡ್ಡದ ತುದಿಯಲ್ಲಿ ನಿಂತರೆ ಕೆಳಗೆ ಕಡಲು ಕಣ್ಣು ಕೋರೈಸುವಂತೆ ಹೊಳೆಯುತ್ತಿತ್ತು. ಮಕ್ಕಳು ತಮ್ಮ ತಮ್ಮ ಹೆಸರನ್ನು ಕೂಗಿ ಗಾಳಿಗೆ ಬಿಡುವ ಆಟ ಹೂಡಿದರು. ಪಿಯದಾದ್ ಸೆರಗು ಸಿಕ್ಕಿಸಿಕೊಂಡು ಅವರ ನಡುವೆ ಹೋಗಿ ನಿಂತಳು, ಎದೆ ತುಂಬ ಉಸಿರೆಳೆದುಕೊಂಡಳು, ಮತ್ತು ಎಲ್ಲರಿಗಿಂತ ಜೋರಾಗಿ ತನ್ನ ಹೆಸರನ್ನು ಕೂಗಿದಳು.