ಬಾಲಮ್ಮನ ಗಲ್ಲ, ತಿಮ್ಮವ್ವನ ಸಂಚಿ

ವನದುರ್ಗದ ಶಾಲೆಯಲ್ಲಿ ಹನ್ನೆರಡು ವರ್ಷ ಪಾಠ ಮಾಡಿದ್ದೇನೆ. ಹೇಳಿದ ಮಾತು ಕೇಳದವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಪಕ್ಕದ ಮನೆಯ ಬಾಲಮ್ಮ ಅಂಥವಳಲ್ಲ ಎಂದುಕೊಂಡಿದ್ದೆ. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಊರಲ್ಲಿ ನಾಟಿ ಹಚ್ಚುವ ಹೆಂಗಸರ ಗುಂಪುಗಳು ಹುಟ್ಟಿಕೊಂಡವು. ಆಕೆ ಅಂಥದೊಂದು ಗುಂಪಿನಲ್ಲಿ ಎಲ್ಲರಿಗಿಂತ ಚುರುಕು ಕೈಯವಳು. ಚಿಕ್ಕಂದಿನಲ್ಲಿ ಎಡಗಲ್ಲಕ್ಕೆ ಕುರು ಎದ್ದು, ಕೊಯ್ದು, ಅಲ್ಲೊಂದು ಕುಳಿ ಬಿದ್ದಿತ್ತು. ತನ್ನ ಮದುವೆಯ ಫೋಟೊಕ್ಕೂ ನೇರ ಮುಖ ಕೊಟ್ಟವಳಲ್ಲ.

ಹೊಟ್ಟೆಯ ಕೊಬ್ಬು ತೆಗೆದು ಗಲ್ಲಕ್ಕೆ ತುಂಬುತ್ತಾರೆಂದು ಕೇಳಿದ್ದೇ ತಡ, ನನ್ನನ್ನು ಎಳೆದುಕೊಂಡು ಕಲಬುರಗಿಗೆ ಹೊರಟಳು. ಹೇಗೂ ತೆಗೆಯುತ್ತೀರಿ, ಹೊಟ್ಟೆಯನ್ನೆಲ್ಲ ಖಾಲಿ ಮಾಡಿಬಿಡಿ ಎಂದು ಡಾಕ್ಟರಿಗೆ ಹೇಳಿದಳು. ಅವರು ಒಪ್ಪಲಿಲ್ಲ. ಎರಡು ಕೆಲಸ ಒಂದೇ ದಿನ ಮಾಡಬೇಕಾದರೆ ಎರಡೂ ಸಣ್ಣವಿರಬೇಕು. ಹೆಚ್ಚು ತೆಗೆದರೆ ಮೈಯ ನೀರು, ರಕ್ತ ಏರುಪೇರಾಗುತ್ತದೆ, ಹೊತ್ತು ಬೆಳೆದಷ್ಟೂ ಅಪಾಯ ಎಂದರು. ಗಲ್ಲಕ್ಕೆ ಬೇಕಾದದ್ದು ಕೆಲವೇ ಚಮಚೆ. ರಕ್ತ, ಬಿಪಿ, ಸಕ್ಕರೆ ಎಲ್ಲ ನೋಡಿದರು. ಕೆಂಪಾದ ಹಲ್ಲು ನೋಡಿ, ಆಪರೇಷನ್ನಿಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ತಂಬಾಕು ಮುಟ್ಟಕೂಡದು ಎಂದರು. ತಂಬಾಕು ರಕ್ತನಾಳ ಬಿಗಿಸುತ್ತದೆ, ರಕ್ತ ಸಿಗದಿದ್ದರೆ ತುಂಬಿದ ಕೊಬ್ಬು ಸಾಯುತ್ತದೆ. ಗಲ್ಲ ಮತ್ತೆ ಕುಳಿಯೇ, ಕೀವಾದರೂ ಆದೀತು. ಬಾಲಮ್ಮ ದೇವರಾಣೆ ಮಾಡಿ ಬಂದಳು.

ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರು ತಂಬಾಕಿನ ಬಗ್ಗೆ ಮತ್ತೊಮ್ಮೆ ಕೇಳಿದರು. ಆಕೆ ತಲೆ ತಗ್ಗಿಸಿದಳು.

“ಸುಳ್ಳ ಹೇಳಂಗಿಲ್ರಿ. ಮೊನ್ನಿ ಒಂದ ಚಿಟಿಗಿ ಹಾಕ್ಕೊಂಡೀನಿ. ತಿಮ್ಮವ್ವ ಸಂಚಿ ಚಾಚಿದ್ಲು. ಒಲ್ಲೆ ಅಂದ್ರ ಮುನಿಸ್ಕೊಂಡೀನಿ ಅಂತಾರ್ರಿ.”

ತಿಮ್ಮವ್ವ ಗುಂಪಿನ ಹಿರಿಯಳು. ಆಕೆಯ ತಂಬಾಕಿನ ಸಂಚಿ ನಾಟಿ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಬೇಡವೆಂದವಳು ಯಾರ ಮೇಲೋ ಮುನಿದಿದ್ದಾಳೆಂದೇ ಅರ್ಥ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಡಾಕ್ಟರಿಗೆ ಬರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಒಂದು ತಿಂಗಳು ಪೂರ್ತಿ ಬಿಟ್ಟು ಬನ್ನಿ ಎಂದು ಕಳಿಸಿದರು. ಬಸ್ಸಿನಲ್ಲಿ ಜೇವರ್ಗಿವರೆಗೆ ನಾನು ಬೈದೆ, ಅಲ್ಲಿಂದ ಊರವರೆಗೆ ಆಕೆ ಅತ್ತಳು.

ಮರುದಿನ ತಿಮ್ಮವ್ವನಿಗೂ ನಾಲ್ಕು ಮಾತು ಅನ್ನಬೇಕೆಂದೇ ಗದ್ದೆಗೆ ಹೋದೆ. ಮುದುಕಿ ಎಲ್ಲ ಕೇಳಿಸಿಕೊಂಡು, ಸಂಚಿಯ ಬಾಯಿ ಸುತಳಿಯಿಂದ ಬಿಗಿದು ನನ್ನ ಕೈಗಿಟ್ಟಳು.

“ನೀವ ಇಟ್ಕೋರಿ ಟೀಚರ. ಬಾಲಮ್ಮನ ಗಲ್ಲ ನಿಲ್ಲೂತನಕ ಯಾರೂ ಹಾಕ್ಕೊಳ್ಳಾಂಗಿಲ್ಲ.”

ತಿಮ್ಮವ್ವನದು ನಲವತ್ತು ವರ್ಷದ ಚಟ. ಹದಿನೆಂಟು ಹೆಂಗಸರು ಆಕಳಿಸಿದರು, ತಲೆನೋವೆಂದರು, ಪುಟಾಣಿ ಕಡಲೆ ಮೆದ್ದರು, ಸಣ್ಣ ಮಾತಿಗೂ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಆದರೆ ಸಂಚಿ ಕೇಳಿಕೊಂಡು ಒಬ್ಬಳೂ ನನ್ನ ಬಾಗಿಲಿಗೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಅವರ ಮುಖ ನೋಡಲೆಂದೇ ಹೋಗುತ್ತಿದ್ದೆ. ಹಿಂದೆಂದೂ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ತಿಂಗಳ ಮೇಲೆ ಆಪರೇಷನ್ ಆಯಿತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಸಂಜೆಗೇ ಎಬ್ಬಿಸಿ ನಡೆಸಿದರು. ಹೊಟ್ಟೆಗೆ ಬಿಗಿ ಪಟ್ಟಿ ಕಟ್ಟಿದರು, ಗಲ್ಲವನ್ನು ಮಾತ್ರ ಯಾರೂ ಒತ್ತಕೂಡದು ಎಂದರು. ಉಸಿರು ಕಟ್ಟಿದರೆ, ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು. ಒಂದು ದಿನ ಇಟ್ಟುಕೊಂಡು ಕಳಿಸಿದರು. ಊರಿಗೆ ಬಂದಾಗ ಗಲ್ಲ ಹೂರಣ ತುಂಬಿದ ಕಡುಬಿನ ಹಾಗಿತ್ತು. ತುಂಬಿದ್ದರಲ್ಲಿ ಒಂದಷ್ಟು ಕರಗಿಯೇ ಕರಗುತ್ತದೆ ಎಂದು ಮೊದಲೇ ಹೇಳಿದ್ದರೂ, ಬಾವು ಇಳಿದಂತೆ ಬಾಲಮ್ಮ ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಂಡಳು. ಮೂರನೆಯ ತಿಂಗಳು ಡಾಕ್ಟರು ಮುಟ್ಟಿ ನೋಡಿ, ಉಳಿದದ್ದು ಇನ್ನು ಉಳಿಯುತ್ತದೆ ಎಂದರು. ಕುಳಿಯಿದ್ದಲ್ಲಿ ಸಣ್ಣದೊಂದು ತಗ್ಗು, ಅಷ್ಟೇ.

ಬಸ್ಸಿಳಿದು ನೇರ ಗದ್ದೆಗೆ ಹೋದೆವು. ಹೆಂಗಸರು ಭತ್ತ ಕೊಯ್ಯುವುದು ಬಿಟ್ಟು ಸುತ್ತುಗಟ್ಟಿದರು. ಬ್ಯಾಗಿನಲ್ಲಿದ್ದ ಸಂಚಿಯನ್ನು ನಾನು ಚಾಚಿದರೆ ಯಾರ ಕಣ್ಣೂ ಅತ್ತ ಬೀಳಲಿಲ್ಲ. ತಿಮ್ಮವ್ವ ಬಾಲಮ್ಮನ ಗದ್ದ ಹಿಡಿದು, ಮುಖ ಬಿಸಿಲಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

“ಹೊಟ್ಟಿ ನಿಂದ ಇರಬೇಕವ್ವ,” ಎಂದಳು, “ಗಲ್ಲ ಮಾತ್ರ ನಮ್ಮೆಲ್ಲಾರದು.”